ಮುಖ ಚಕ್ರವರ್ತಿಯದು, ಮಾತು ಬೆಳ್ಳಿಯದು

ರೋಮ್ ಸಾಮ್ರಾಜ್ಯವನ್ನು ಕಣ್ಣಾರೆ ಕಾಣದ ಸಿಂಹಳದ ಅರಸನೊಬ್ಬ ಅದರ ಯೋಗ್ಯತೆಯನ್ನು ಅಳೆದುಬಿಟ್ಟ. ಅಳೆದದ್ದು ತಕ್ಕಡಿಯಲ್ಲಿ!

ಈ ಪ್ರಸಂಗವನ್ನು ಬರೆದಿಟ್ಟವನು ಕ್ರಿ.ಶ. ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ. ಕೆಂಪು ಸಮುದ್ರದ ಸುಂಕ ವಸೂಲಿಯ ಗುತ್ತಿಗೆ ಹಿಡಿದಿದ್ದ ರೋಮನ್ನನೊಬ್ಬನ ಸೇವಕ ಅರಬ್ಬೀ ತೀರದಲ್ಲಿ ಹಡಗಿನಲ್ಲಿ ಸಾಗುತ್ತಿದ್ದಾಗ ಗಾಳಿಗೆ ಸಿಕ್ಕಿ ಸಿಂಹಳದ ದಡ ಸೇರಿದ. ಅವನ ಬಳಿಯಿದ್ದ ಬೆಳ್ಳಿ ನಾಣ್ಯಗಳು ಅರಸನ ಕಣ್ಣಿಗೆ ಬಿದ್ದವು. ನಾಣ್ಯಗಳ ಮೇಲಿನ ಮುಖಗಳು ಬೇರೆ ಬೇರೆ. ಅಂದರೆ ಅವು ಬೇರೆ ಬೇರೆ ದೊರೆಗಳ ಕಾಲದಲ್ಲಿ ಅಚ್ಚಾದವು. ತೂಕ ಮಾತ್ರ ಎಲ್ಲದರದ್ದೂ ಒಂದೇ. ದೊರೆ ಬದಲಾದರೂ ತೂಕ ಬದಲಾಗದ ನಾಡಿನ ಜನ ಪ್ರಾಮಾಣಿಕರೇ ಇರಬೇಕೆಂದು ಮೆಚ್ಚಿಕೊಂಡ ಅರಸ ರೋಮಿಗೆ ರಾಯಭಾರಿಗಳನ್ನೇ ಕಳುಹಿಸಿದನಂತೆ. ಇದು ಚಕ್ರವರ್ತಿ ಕ್ಲಾಡಿಯಸ್‌ನ ಕಾಲದ ಮಾತು.

ಆ ನಾಣ್ಯದ ಹೆಸರು ಡಿನೇರಿಯಸ್. ಹಿಂದೆ ನಮ್ಮಲ್ಲಿ ಚಲಾವಣೆಯಲ್ಲಿದ್ದ ನಾಲ್ಕಾಣೆಯಷ್ಟೇ ಅಗಲ. ತೂಕ ನಾಲ್ಕು ಗ್ರಾಮಿಗಿಂತ ಕೊಂಚ ಕಡಿಮೆ. ಅಗಸ್ಟಸ್‌ನ ಕಾಲದಲ್ಲಿ ರೋಮನ್ ಪದಾತಿ ಸೈನಿಕನೊಬ್ಬನ ವರ್ಷದ ಸಂಬಳ ಇಂಥ 225 ನಾಣ್ಯಗಳು. ಇಂದು ಜಗತ್ತಿನಾದ್ಯಂತ ಹವ್ಯಾಸಿಗಳು ಇವನ್ನು ಸಂಗ್ರಹಿಸುತ್ತಾರೆ. ಎರಡು ಸಾವಿರ ವರ್ಷ ಹಳೆಯದಾದರೂ ಸಾಮಾನ್ಯ ಬಗೆಯ ಡಿನೇರಿಯಸ್ ವಿದೇಶದ ಪೇಟೆಯಲ್ಲಿ ಒಂದು ಸಾಧಾರಣ ಮೊಬೈಲ್ ಫೋನಿನ ಬೆಲೆಗೆ ಸಿಗುತ್ತದೆ ಎಂದರೆ ಹಲವರಿಗೆ ಅಚ್ಚರಿಯಾದೀತು. ಅಷ್ಟೊಂದು ಸಂಖ್ಯೆಯಲ್ಲಿ ಅವು ಅಚ್ಚಾಗಿದ್ದವು, ಅಷ್ಟೊಂದು ನೆಲದಲ್ಲಿ ಹುದುಗಿ ಉಳಿದಿದ್ದವು.

ಮುಖ ಬಂದ ಬಗೆ

ಡಿನೇರಿಯಸ್ ಮೊದಲು ಅಚ್ಚಾದದ್ದು ಕ್ರಿ.ಪೂ. 211ರ ಸುಮಾರಿಗೆ, ರೋಮ್ ಕಾರ್ಥೇಜಿನ ಹ್ಯಾನಿಬಾಲನೊಡನೆ ಸೆಣಸುತ್ತಿದ್ದ ದಿನಗಳಲ್ಲಿ. ಹತ್ತು ಕಂಚಿನ ‘ಆಸ್’ ನಾಣ್ಯಗಳಿಗೆ ಸಮವಾದ್ದರಿಂದ ಆ ಹೆಸರು. ಆಗ ಅದರ ಮೇಲಿದ್ದದ್ದು ಶಿರಸ್ತ್ರಾಣ ಧರಿಸಿದ ರೋಮಾ ದೇವಿಯ ತಲೆ. ಹಿಂಬದಿಯಲ್ಲಿ ಕುದುರೆಯೇರಿ ಓಡುವ ಅವಳಿ ದೇವತೆಗಳು. ನೋಡಿದರೆ ನಮ್ಮ ಅಶ್ವಿನೀ ದೇವತೆಗಳು ನೆನಪಾಗುತ್ತಾರೆ. ಬದುಕಿರುವ ಮನುಷ್ಯನ ಮುಖವನ್ನು ನಾಣ್ಯದ ಮೇಲೆ ಹಾಕುವುದು ರಾಜರ ಚಾಳಿಯೆಂದು ರೋಮನ್ನರು ಭಾವಿಸಿದ್ದರು. ರಾಜನೆಂಬ ಹೆಸರೇ ಅವರಿಗೆ ಆಗುತ್ತಿರಲಿಲ್ಲ.

ಈ ಕಟ್ಟಳೆಯನ್ನು ಮುರಿದವನು ಜೂಲಿಯಸ್ ಸೀಸರ್. ಕ್ರಿ.ಪೂ. 44ರ ಆರಂಭದಲ್ಲಿ ರೋಮಿನ ಟಂಕಸಾಲೆ ಅವನ ಮುಖವಿರುವ ಡಿನೇರಿಯಸ್‌ಗಳನ್ನು ಹೊರತಂದಿತು. ಬಾಡಿದ ಕೆನ್ನೆ, ನೆರಿಗೆಗಟ್ಟಿದ ಉದ್ದ ಕತ್ತು, ತಲೆಗೆ ಹಾರ. ಅದೇ ವರ್ಷ ಮಾರ್ಚ್ 15ರಂದು ಅವನ ಕೊಲೆಯಾಯಿತು. ಸೋಜಿಗದ ಸಂಗತಿಯೆಂದರೆ, ಗಣರಾಜ್ಯವನ್ನು ಉಳಿಸಲೆಂದು ಕೊಂದೆನೆಂದ ಬ್ರೂಟಸ್ ಮೂರು ವರ್ಷ ಕಳೆಯುವುದರೊಳಗೆ ತನ್ನದೇ ಮುಖವನ್ನು ನಾಣ್ಯಕ್ಕೇರಿಸಿದ! ಅದರ ಹಿಂಬದಿಯಲ್ಲಿ ಎರಡು ಕಠಾರಿ, ನಡುವೆ ಬಿಡುಗಡೆ ಪಡೆದ ದಾಸರು ತೊಡುತ್ತಿದ್ದ ಟೊಪ್ಪಿಗೆ, ಕೆಳಗೆ ‘ಈಡ್ ಮಾರ್’ ಎಂಬ ಅಕ್ಷರಗಳು. ಅದೇ ಮಾರ್ಚ್ 15ರ ಹೆಸರು. ಕೊಲೆಯೊಂದರ ಜಾಹೀರಾತಾಗಿ ಹೊರಟ ನಾಣ್ಯ ಅದು.

ಅಲ್ಲಿಂದ ಮುಂದೆ ಮುಖಗಳ ಮೆರವಣಿಗೆಯೇ ಆರಂಭವಾಯಿತು. ಎಪ್ಪತ್ತೈದು ವರ್ಷ ಬದುಕಿದ ಅಗಸ್ಟಸ್ ನಾಣ್ಯಗಳಲ್ಲಿ ಕೊನೆಯವರೆಗೂ ತರುಣನೇ. ನೀರೋ ಹಾಗಲ್ಲ; ಎಳೆಯ ಹುಡುಗನಾಗಿ ಕಾಣಿಸಿಕೊಂಡವನು ವರ್ಷದಿಂದ ವರ್ಷಕ್ಕೆ ಉಬ್ಬುತ್ತ, ಗದ್ದ ಕತ್ತುಗಳ ವ್ಯತ್ಯಾಸ ತಿಳಿಯದಷ್ಟು ಕೊಬ್ಬುತ್ತಾನೆ. ವೆಸ್ಪೇಸಿಯನ್ ತನ್ನ ಬೋಳು ತಲೆ, ಸುಕ್ಕು ಹಣೆಗಳನ್ನು ಮುಚ್ಚಿಡಲಿಲ್ಲ. ಹೇಡ್ರಿಯನ್‌ನಿಂದ ಗಡ್ಡಧಾರಿ ಚಕ್ರವರ್ತಿಗಳ ಸಾಲು ಮೊದಲಾಗುತ್ತದೆ. ರಾಣಿಯರ ನಾಣ್ಯಗಳಲ್ಲಿ ಕೇಶಾಲಂಕಾರಗಳ ಇತಿಹಾಸವನ್ನೇ ಓದಬಹುದು. ಪತ್ರಿಕೆಯಿಲ್ಲದ, ಛಾಯಾಚಿತ್ರವಿಲ್ಲದ ಕಾಲದಲ್ಲಿ ದೂರದ ಸಿರಿಯಾದ ರೈತನಿಗೂ ಬ್ರಿಟನ್ನಿನ ಸೈನಿಕನಿಗೂ ದೊರೆಯ ಮುಖ ತಿಳಿಯುತ್ತಿದ್ದುದು ಹೆಚ್ಚಾಗಿ ಅಂಗೈಮೇಲಿನ ಈ ಬಿಲ್ಲೆಯಿಂದ.

ಈ ಮುಖಗಳಿಗೆ ಮರುಳಾದವರ ಪಟ್ಟಿಯೂ ಹಳೆಯದೇ. ಇಟಲಿಯ ಕವಿ ಪೆಟ್ರಾರ್ಕ್ ಹಳೆಯ ರೋಮನ್ ನಾಣ್ಯಗಳನ್ನು ಕೂಡಿಡುತ್ತಿದ್ದ. 1354ರಲ್ಲಿ ಮಾಂಟುವಾ ಪಟ್ಟಣದಲ್ಲಿ ದೊರೆ ನಾಲ್ಕನೇ ಚಾರ್ಲ್ಸ್‌ನನ್ನು ಕಂಡಾಗ ಅಂಥ ಕೆಲವು ಚಿನ್ನ-ಬೆಳ್ಳಿ ನಾಣ್ಯಗಳನ್ನು ಕಾಣಿಕೆಯಾಗಿ ಕೊಟ್ಟು, ಇವರಂತೆ ಆಗು ಎಂದು ಬುದ್ಧಿ ಹೇಳಿದ. ಮುಂದೆ ‘ಹನ್ನೆರಡು ಸೀಸರರು’ ಎಂಬ ಸಂಗ್ರಹದ ಗೀಳು ಬೆಳೆಯಿತು. ಸ್ಯೂಟೋನಿಯಸ್ ಎಂಬ ಲೇಖಕ ಜೂಲಿಯಸ್ ಸೀಸರನಿಂದ ಡೊಮಿಷಿಯನ್‌ವರೆಗೆ ಹನ್ನೆರಡು ಮಂದಿಯ ಚರಿತ್ರೆ ಬರೆದಿದ್ದಾನೆ. ಆ ಹನ್ನೆರಡೂ ಮುಖಗಳನ್ನು ಬೆಳ್ಳಿಯಲ್ಲಿ ಕೂಡಿಹಾಕುವುದು ಇಂದಿಗೂ ಸಂಗ್ರಾಹಕರ ಕನಸು. ವೆಸ್ಪೇಸಿಯನ್, ಡೊಮಿಷಿಯನ್ ಸುಲಭವಾಗಿ ಸಿಗುತ್ತಾರೆ. ಕ್ಯಾಲಿಗುಲ, ಕ್ಲಾಡಿಯಸ್ ಬೆಳ್ಳಿಯಲ್ಲಿ ದುರ್ಲಭ. ಕ್ರಿ.ಶ. 69ರಲ್ಲಿ ಮೂರೇ ತಿಂಗಳು ಆಳಿ ಆತ್ಮಹತ್ಯೆ ಮಾಡಿಕೊಂಡ ಓಥೋನ ಮುಖಕ್ಕಾಗಿ ಎಷ್ಟೋ ಮಂದಿ ವರ್ಷಗಟ್ಟಲೆ ಕಾಯುತ್ತಾರೆ.

ಬೆಳ್ಳಿ ಕರಗಿದ ಕತೆ

ಸಿಂಹಳದ ಅರಸ ಮೆಚ್ಚಿದ ಆ ತೂಕ ಬಹಳ ದಿನ ಉಳಿಯಲಿಲ್ಲ. ಅಗಸ್ಟಸ್‌ನ ಕಾಲದಲ್ಲಿ ಒಂದು ರೋಮನ್ ಪೌಂಡ್ ಬೆಳ್ಳಿಗೆ 84 ಡಿನೇರಿಯಸ್ ಅಚ್ಚಾಗುತ್ತಿದ್ದವು. ಬೆಳ್ಳಿ ಹೆಚ್ಚುಕಡಿಮೆ ಅಪ್ಪಟ. ಕ್ರಿ.ಶ. 64ರಲ್ಲಿ ರೋಮ್ ನಗರಕ್ಕೆ ಬೆಂಕಿ ಬಿತ್ತು. ಆ ಹೊತ್ತಿಗೇ ನೀರೋ ಅದೇ ಪೌಂಡಿನಿಂದ 96 ನಾಣ್ಯ ತೆಗೆಸತೊಡಗಿದ. ಸಾಲದೆಂದು ಬೆಳ್ಳಿಗೆ ತಾಮ್ರವನ್ನೂ ಬೆರೆಸಿದ.

ಎಷ್ಟು ಬೆರೆಸಿದ ಎಂಬುದು ಈಚಿನವರೆಗೂ ಸರಿಯಾಗಿ ತಿಳಿದಿರಲಿಲ್ಲ. ಇದರ ಹಿಂದೆ ಸ್ವಾರಸ್ಯವಾದ ರಸಾಯನಶಾಸ್ತ್ರವಿದೆ. ಬೆಳ್ಳಿ-ತಾಮ್ರದ ಮಿಶ್ರ ಬಿಲ್ಲೆಯನ್ನು ಕಾಸಿದಾಗ ಮೇಲ್ಮೈಯ ತಾಮ್ರ ಗಾಳಿಯ ಆಮ್ಲಜನಕದೊಡನೆ ಕೂಡಿ ಕಪ್ಪಾಗುತ್ತದೆ. ಅದನ್ನು ಹುಳಿ ದ್ರಾವಣದಲ್ಲಿ ಅದ್ದಿದರೆ ಆ ತಾಮ್ರದ ಆಕ್ಸೈಡ್ ಕರಗಿಹೋಗಿ ಹೊರಪದರದಲ್ಲಿ ಬೆಳ್ಳಿಯೇ ಉಳಿಯುತ್ತದೆ. ಬಡಿದು ಅಚ್ಚೊತ್ತಿದರೆ ಥಳಥಳಿಸುವ ಬೆಳ್ಳಿ ನಾಣ್ಯ! ಮೇಲ್ಮೈಯನ್ನಷ್ಟೇ ಪರೀಕ್ಷಿಸಿದ ಹಿಂದಿನ ಸಂಶೋಧಕರಿಗೆ ಬೆಳ್ಳಿಯ ಪಾಲು ಇರುವುದಕ್ಕಿಂತ ಹೆಚ್ಚಾಗಿಯೇ ಕಂಡಿತು. ಬ್ರಿಟನ್ನಿನ ಕೆವಿನ್ ಬುಚರ್ ಮತ್ತು ಮ್ಯಾಥ್ಯೂ ಪಾಂಟಿಂಗ್ ನಾಣ್ಯಗಳ ಅಂಚಿನಲ್ಲಿ ಕೂದಲೆಳೆಯಂಥ ರಂಧ್ರ ಕೊರೆದು ಒಳಗಿನ ಲೋಹವನ್ನು ವಿಶ್ಲೇಷಿಸಿದರು. 2014ರಲ್ಲಿ ಪ್ರಕಟವಾದ ಅವರ ಗ್ರಂಥದ ಪ್ರಕಾರ ನೀರೋ ಬದಲಾಯಿಸಿದ ನಾಣ್ಯದಲ್ಲಿದ್ದ ಬೆಳ್ಳಿ ನೂರಕ್ಕೆ ಸುಮಾರು ಎಂಬತ್ತು ಮಾತ್ರ.

ನಡುವೆ ಸರಿಪಡಿಸಲು ಹೊರಟವರೂ ಇದ್ದರು. ಕ್ರೂರಿಯೆಂದು ಹೆಸರಾದ ಡೊಮಿಷಿಯನ್ ಕ್ರಿ.ಶ. 82ರಲ್ಲಿ ಬೆಳ್ಳಿಯನ್ನು ಅಗಸ್ಟಸ್‌ನ ಕಾಲದ ಮಟ್ಟಕ್ಕೆ ಏರಿಸಿದ. ಮೂರು ವರ್ಷದಲ್ಲಿ ಕೈಸೋತು ಇಳಿಸಿದ. 193ರಲ್ಲಿ ಮೂರು ತಿಂಗಳೂ ಪೂರ್ತಿ ಆಳದ ಪರ್ಟಿನ್ಯಾಕ್ಸ್ ಕೂಡ ಪ್ರಯತ್ನಿಸಿದ. ಅವನನ್ನು ಕೊಂದ ಅಂಗರಕ್ಷಕ ಪಡೆ ಸಿಂಹಾಸನವನ್ನೇ ಹರಾಜಿಗಿಟ್ಟಿತು! ಕೊಂಡವನು ಡಿಡಿಯಸ್ ಜೂಲಿಯಾನಸ್. ಆಳಿದ್ದು ಅರುವತ್ತಾರು ದಿನ. ಆಮೇಲೆ ಬಂದ ಸೆಪ್ಟಿಮಿಯಸ್ ಸೆವೆರಸ್ ಸೈನಿಕರ ಸಂಬಳ ಏರಿಸಿದ, ನಾಣ್ಯದ ಬೆಳ್ಳಿಯನ್ನು ಸುಮಾರು ಅರ್ಧಕ್ಕೆ ಇಳಿಸಿದ. ಮಗ ಕ್ಯಾರಕಲ್ಲ 215ರಲ್ಲಿ ಹೊಸ ನಾಣ್ಯವೊಂದನ್ನು ತಂದ. ಅದರಲ್ಲಿ ಚಕ್ರವರ್ತಿಯ ತಲೆಗೆ ಸೂರ್ಯಕಿರಣದಂಥ ಕಿರೀಟ. ಅದು ಎರಡು ಡಿನೇರಿಯಸ್‌ಗೆ ಸಮವೆಂದು ಚಲಾವಣೆಯಾಯಿತೆಂಬುದು ವಿದ್ವಾಂಸರ ಅಭಿಪ್ರಾಯ. ಒಳಗಿದ್ದ ಬೆಳ್ಳಿ ಮಾತ್ರ ಒಂದೂವರೆಯಷ್ಟು. 260ರ ದಶಕದಲ್ಲಿ ಗ್ಯಾಲಿಯೀನಸ್‌ನ ಕಾಲಕ್ಕೆ ಅದೂ ಕುಸಿದು, ನೂರಕ್ಕೆ ಐದರಷ್ಟೂ ಬೆಳ್ಳಿಯಿಲ್ಲದ ತಾಮ್ರದ ಬಿಲ್ಲೆಯಾಯಿತು.

ಜನ ಸುಮ್ಮನಿದ್ದರೆ? ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಕ್ರಿ.ಶ. 260ರ ಪಪೈರಸ್ ಪತ್ರವೊಂದು ಇದಕ್ಕೆ ಸಾಕ್ಷಿ ನುಡಿಯುತ್ತದೆ. ಹಣ ವಿನಿಮಯದ ಅಂಗಡಿಗಳವರು ಚಕ್ರವರ್ತಿಗಳ ಪವಿತ್ರ ನಾಣ್ಯವನ್ನು ಮುಟ್ಟಲೊಲ್ಲದೆ ಬಾಗಿಲು ಹಾಕಿಕೊಂಡಿದ್ದರಂತೆ. ಬಾಗಿಲು ತೆರೆಯಿರಿ, ನಾಣ್ಯ ಸ್ವೀಕರಿಸಿರಿ, ಇಲ್ಲವಾದರೆ ಶಿಕ್ಷೆ ಎಂದು ಅಧಿಕಾರಿ ಅಪ್ಪಣೆ ಹೊರಡಿಸಿದ್ದಾನೆ. ಮುಖ ನೋಡಿ ನಂಬುವ ಕಾಲ ಮುಗಿದಿತ್ತು.

ಯಶವಂತಪುರದ ನೆಲದಲ್ಲಿ

ಈ ಏರಿಳಿತವನ್ನು ರೋಮಿನ ಗಡಿಯಾಚೆಯವರು ಇನ್ನೂ ಬೇಗ ಪತ್ತೆಹಚ್ಚಿದರು. ಜರ್ಮನ್ ಬುಡಕಟ್ಟಿನವರು ಅಂಚಿಗೆ ಗರಗಸದಂಥ ಹಲ್ಲುಗಳಿರುವ, ಜೋಡಿ ಕುದುರೆಯ ರಥವಿರುವ ಹಳೆಯ ನಾಣ್ಯಗಳನ್ನೇ ಬಯಸುತ್ತಾರೆಂದು ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ದಕ್ಷಿಣ ಭಾರತದ ವರ್ತಕರೂ ಕಡಿಮೆಯವರಲ್ಲ. ಮೆಣಸು, ಮುತ್ತು, ಹತ್ತಿಬಟ್ಟೆಗಳಿಗೆ ಬದಲಾಗಿ ಇಲ್ಲಿಗೆ ಹರಿದುಬಂದ ರೋಮನ್ ಹಣದ ಬಗ್ಗೆ ಪ್ಲಿನಿ ಹಲುಬುತ್ತಾನೆ. ಭಾರತವೊಂದೇ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್‌ಗಳನ್ನು ಸೆಳೆಯುತ್ತದೆಂಬುದು ಅವನ ಲೆಕ್ಕ. ನಾಲ್ಕು ಸೆಸ್ಟರ್ಸ್‌ಗೆ ಒಂದು ಡಿನೇರಿಯಸ್.

ಆ ಬೆಳ್ಳಿಯ ಒಂದಂಶ ಕರ್ನಾಟಕದ ಮಣ್ಣಿನಲ್ಲೂ ಉಳಿದಿತ್ತು. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ 163 ಡಿನೇರಿಯಸ್‌ಗಳು ದೊರೆತವು. ಅಗಸ್ಟಸ್, ಟೈಬೀರಿಯಸ್, ಕ್ಯಾಲಿಗುಲ, ಕ್ಲಾಡಿಯಸ್‌ರ ಕಾಲದವು. 1965ರಲ್ಲಿ ಎಚ್.ಎ.ಎಲ್. ವಿಮಾನ ನಿಲ್ದಾಣದ ಬಳಿ ಇನ್ನೊಂದು ಗಂಟು ಸಿಕ್ಕಿತು. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿಯೂ ರೋಮನ್ ಬೆಳ್ಳಿ ನಾಣ್ಯಗಳು ಬೆಳಕಿಗೆ ಬಂದವು. 1947ರಲ್ಲಿ ಅಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವ್ಹೀಲರ್, ನಾಣ್ಯ ಯಾವ ಪದರದಲ್ಲಿತ್ತೆಂಬುದನ್ನು ಆಧರಿಸಿ ಜತೆಗಿದ್ದ ಮಡಕೆ ಚೂರುಗಳ ಕಾಲವನ್ನು ಹೇಳಿದ. ಅಚ್ಚಾದ ವರ್ಷ ಗೊತ್ತಿರುವ ಒಂದೇ ಒಂದು ನಾಣ್ಯ, ಬರಹವಿಲ್ಲದ ಮಡಕೆಗಳಿಗೂ ಕಾಲಮಾಪಕವಾಯಿತು.

ದಕ್ಷಿಣ ಭಾರತದ ಬೆಳ್ಳಿ ನಿಧಿಗಳಲ್ಲಿ ಎರಡೇ ಬಗೆಯ ನಾಣ್ಯಗಳು ಮತ್ತೆ ಮತ್ತೆ ಕಾಣಿಸುತ್ತವೆ. ಒಂದು ಅಗಸ್ಟಸ್‌ನದು, ಹಿಂದೆ ಅವನ ದತ್ತುಮಕ್ಕಳಾದ ಗೇಯಸ್ ಮತ್ತು ಲೂಸಿಯಸ್ ಗುರಾಣಿ ಹಿಡಿದು ನಿಂತಿದ್ದಾರೆ. ಇನ್ನೊಂದು ಟೈಬೀರಿಯಸ್‌ನದು, ಹಿಂದೆ ಪೀಠದಲ್ಲಿ ಕುಳಿತ ಹೆಂಗಸು. ಬೈಬಲ್ಲಿನಲ್ಲಿ ಯೇಸು ಕೈಗೆತ್ತಿಕೊಂಡು ‘ಇದು ಯಾರ ಮುಖ’ ಎಂದು ಕೇಳಿದ ತೆರಿಗೆಯ ನಾಣ್ಯ ಇದೇ ಬಗೆಯದೆಂದು ಹಲವರ ನಂಬಿಕೆ. ಎರಡೂ ಅಚ್ಚಾದದ್ದು ಇಂದಿನ ಫ್ರಾನ್ಸಿನ ಲಿಯೋನ್ ನಗರದಲ್ಲಿ. ನೀರೋ ತೂಕ ತಗ್ಗಿಸಿದ ನಂತರದ ಡಿನೇರಿಯಸ್‌ಗಳು ನಮ್ಮ ನೆಲದಲ್ಲಿ ತೀರ ವಿರಳ. ಒರೆಗಲ್ಲು ಬಲ್ಲ ಚಿನಿವಾರರು ಯಾವುದನ್ನು ಒಪ್ಪಿದರು, ಯಾವುದನ್ನು ಹಿಂದಕ್ಕೆ ತಳ್ಳಿದರು ಎಂಬುದು ಇದರಿಂದಲೇ ಊಹೆಗೆ ನಿಲುಕುತ್ತದೆ. ‘ಡಿನೇರಿಯಸ್’ ಎಂಬ ಹೆಸರೇ ‘ದೀನಾರ’ವಾಗಿ ಗುಪ್ತರ ಶಾಸನಗಳಿಗೆ ಇಳಿದು ಬಂದಿದೆ.

ಅಸಲಿ ಯಾವುದು, ನಕಲಿ ಯಾವುದು?

ಬೆಲೆಯಿರುವಲ್ಲಿ ಮೋಸವೂ ಇರುತ್ತದೆ. ರೋಮನ್ನರ ಕಾಲದಲ್ಲೇ ತಾಮ್ರದ ಬಿಲ್ಲೆಗೆ ಬೆಳ್ಳಿ ತಗಡು ಸುತ್ತಿ ಅಚ್ಚೊತ್ತುವ ಚತುರರಿದ್ದರು. ತಗಡು ಸವೆದಲ್ಲಿ ತಾಮ್ರದ ಹಸಿರು ಇಣುಕುತ್ತದೆ. ಈಚಿನವರಲ್ಲಿ ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್ (1772-1830) ಕುಖ್ಯಾತ. ತಾನೇ ಅಚ್ಚು ಕೊರೆದು ಹಳೆಯ ನಾಣ್ಯಗಳನ್ನು ‘ಸೃಷ್ಟಿಸುತ್ತಿದ್ದ’ ಈತ, ಹೊಸ ನಾಣ್ಯಗಳನ್ನು ಕಬ್ಬಿಣದ ಪುಡಿ ತುಂಬಿದ ಪೆಟ್ಟಿಗೆಯಲ್ಲಿಟ್ಟು ಸಾರೋಟಿನಡಿ ಕಟ್ಟಿ ಸುತ್ತಾಡಿಸುತ್ತಿದ್ದನಂತೆ. ಕುಲುಕಾಟಕ್ಕೆ ನಾಣ್ಯ ಸವೆದು ಮುದಿಯಾಗುತ್ತಿತ್ತು! ಅವನ ಅಚ್ಚುಗಳು ಈಗ ಬರ್ಲಿನ್ನಿನ ಸಂಗ್ರಹಾಲಯದಲ್ಲಿವೆ.

ಹಾಗಾದರೆ ಹೊಸ ಸಂಗ್ರಾಹಕ ಏನು ನೋಡಬೇಕು? ಮೊದಲು ಅಂಚು. ಅಸಲಿ ನಾಣ್ಯ ಸುತ್ತಿಗೆಯ ಏಟಿಗೆ ಅಚ್ಚಾದದ್ದು; ಅಂಚಿನಲ್ಲಿ ಬಿರುಕು ಬಿಡುವುದುಂಟು, ಚಿತ್ರ ನಡುವಿನಿಂದ ಸರಿದಿರುವುದುಂಟು, ಒಂದರಂತೆ ಇನ್ನೊಂದಿರುವುದಿಲ್ಲ. ಎರಕ ಹೊಯ್ದ ನಕಲಿಯ ಅಂಚಿನಲ್ಲಿ ಜೋಡಣೆಯ ಗೆರೆಯೂ ಮೈಮೇಲೆ ಗಾಳಿಗುಳ್ಳೆಯ ಕುಳಿಗಳೂ ಭೂತಗನ್ನಡಿಗೆ ಕಾಣುತ್ತವೆ. ಎರಡನೆಯದು ತೂಕ. ಮೂರನೆಯದು ಆರ್ಕಿಮಿಡೀಸ್ ಕಲಿಸಿಕೊಟ್ಟ ಸಾಂದ್ರತೆಯ ಪರೀಕ್ಷೆ. ಬೆಳ್ಳಿಯ ಸಾಂದ್ರತೆ 10.5, ತಾಮ್ರದ್ದು 8.96. ನೂರಕ್ಕೆ ಎಂಬತ್ತು ಬೆಳ್ಳಿಯಿರುವ ನಾಣ್ಯದ್ದು ಸುಮಾರು 10.1, ಅರ್ಧ ಬೆಳ್ಳಿಯದು 9.7ರ ಆಸುಪಾಸು. ಆದರೆ 3.4 ಗ್ರಾಂ ನಾಣ್ಯವನ್ನು ನೀರಿನಲ್ಲಿ ತೂಗಿದಾಗ ಈ ಎರಡರ ನಡುವೆ ಬರುವ ವ್ಯತ್ಯಾಸ ಹದಿನೇಳು ಮಿಲಿಗ್ರಾಂ ಮಾತ್ರ. ಅಕ್ಕಸಾಲಿಗರ ಸೂಕ್ಷ್ಮ ತಕ್ಕಡಿಯೇ ಬೇಕು. ಸೀಸದ ಸಾಂದ್ರತೆ 11.3. ಜಾಣ ಮೋಸಗಾರ ತಾಮ್ರಕ್ಕೆ ಅದನ್ನು ಬೆರೆಸಿ ಲೆಕ್ಕ ಸರಿದೂಗಿಸಬಲ್ಲ. ಆದ್ದರಿಂದ ಒಂದೇ ಪರೀಕ್ಷೆಯನ್ನು ನಂಬಿ ಕೂರುವಂತಿಲ್ಲ.

ಇನ್ನೊಂದು ಎಚ್ಚರಿಕೆ. ಹಬ್ಬದ ಮುನ್ನಾದಿನ ಬೆಳ್ಳಿ ದೀಪವನ್ನು ವಿಭೂತಿ ಹಾಕಿ ಉಜ್ಜುವಂತೆ ಹಳೆಯ ನಾಣ್ಯವನ್ನು ಉಜ್ಜಲೇಬಾರದು. ಅದರ ಮೇಲಿನ ಕಪ್ಪು ಬಹುಮಟ್ಟಿಗೆ ಬೆಳ್ಳಿ ಗಂಧಕದೊಡನೆ ಕೂಡಿ ಆದ ಸಲ್ಫೈಡ್ ಪದರ. ಉಜ್ಜಿದರೆ ಕಪ್ಪಿನೊಡನೆ ಮೇಲಿನ ಬೆಳ್ಳಿಯೂ ಮುಖದ ಗೆರೆಗಳೂ ಹೋಗುತ್ತವೆ. ಶತಮಾನಗಳ ಕಾಲ ಮಣ್ಣಿನಲ್ಲಿದ್ದ ಬೆಳ್ಳಿ ಒಳಗೊಳಗೇ ಪೆಡಸಾಗಿರುವುದೂ ಉಂಟು. ಕೈಜಾರಿ ಬಿದ್ದರೆ ಗಾಜಿನಂತೆ ಒಡೆದೀತು.

ಎಲ್ಲಿಂದ ಬಂತು?

ಅಂಚು, ತೂಕ, ಸಾಂದ್ರತೆ ಎಲ್ಲವೂ ಸರಿಯಿದ್ದರೂ ಕೇಳಲೇಬೇಕಾದ ಪ್ರಶ್ನೆಯೊಂದು ಉಳಿಯುತ್ತದೆ. 2020ರ ಅಕ್ಟೋಬರ್‌ನಲ್ಲಿ ಬ್ರೂಟಸ್‌ನ ‘ಈಡ್ ಮಾರ್’ ನಾಣ್ಯದ ಚಿನ್ನದ ಪ್ರತಿಯೊಂದು ಲಂಡನ್ನಿನ ಹರಾಜಿನಲ್ಲಿ 32 ಲಕ್ಷ ಪೌಂಡಿಗೂ ಹೆಚ್ಚು ಬೆಲೆಗೆ ಮಾರಾಟವಾಯಿತು. ನಾಣ್ಯ ಅಸಲಿಯೇ. ಅದು ಯಾರ ಬಳಿಯಿಂದ ಬಂತೆಂದು ತೋರಿಸಿದ್ದ ಕಾಗದಪತ್ರಗಳು ಸುಳ್ಳೆಂದು ಅಮೆರಿಕದ ತನಿಖಾಧಿಕಾರಿಗಳು ಪತ್ತೆಹಚ್ಚಿದರು. 2023ರ ಮಾರ್ಚ್‌ನಲ್ಲಿ ಆ ನಾಣ್ಯ ಗ್ರೀಸ್ ದೇಶಕ್ಕೆ ಮರಳಿತು. ಆದರೆ ಅದು ಯಾವ ಹೊಲದಲ್ಲಿತ್ತು, ಜತೆಗೆ ಏನೇನಿತ್ತು ಎಂಬ ವಿವರ ನಾಣ್ಯದೊಡನೆ ಮರಳಲಿಲ್ಲ.

ಇದಕ್ಕೆ ತದ್ವಿರುದ್ಧವಾದ ಪ್ರಸಂಗ ಇಂಗ್ಲೆಂಡಿನ ಸಾಮರ್ಸೆಟ್ ಪ್ರಾಂತ್ಯದ ಫ್ರೋಮ್ ಊರಿನ ಬಳಿ ನಡೆಯಿತು. 2010ರ ಏಪ್ರಿಲ್‌ನಲ್ಲಿ ಲೋಹಶೋಧಕ ಹಿಡಿದು ಹೊಲದಲ್ಲಿ ಅಡ್ಡಾಡುತ್ತಿದ್ದ ಹವ್ಯಾಸಿಯೊಬ್ಬನಿಗೆ ಮಡಕೆಯ ಕಂಠವೂ ನಾಣ್ಯಗಳೂ ಸಿಕ್ಕವು. ಅವನು ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿ ಪುರಾತತ್ವದವರಿಗೆ ಸುದ್ದಿ ಮುಟ್ಟಿಸಿದ. ಅವರು ಮಡಕೆಯನ್ನು ಪದರ ಪದರವಾಗಿ ಬಿಡಿಸಿದರು. ಒಳಗಿದ್ದದ್ದು 52,503 ನಾಣ್ಯಗಳು. ತೂಕ ಸುಮಾರು 160 ಕಿಲೋ. ಬಹುಪಾಲು ಬೆಳ್ಳಿ ಹೆಸರಿಗಷ್ಟೇ ಇದ್ದ ಮೂರನೇ ಶತಮಾನದ ತಾಮ್ರದ ಬಿಲ್ಲೆಗಳು. ನಡುವೆ ಐದು ಮಾತ್ರ ಒಳ್ಳೆಯ ಬೆಳ್ಳಿಯ ಡಿನೇರಿಯಸ್. ಅವು 286ರಲ್ಲಿ ದಂಗೆಯೆದ್ದು ಬ್ರಿಟನ್ನನ್ನು ಕೈವಶ ಮಾಡಿಕೊಂಡ ಕರಾಸಿಯಸ್‌ನವು. ಕುಲವಿಲ್ಲದ ದೊರೆಗೆ ಜನರ ನಂಬಿಕೆ ಬೇಕಿತ್ತು. ಅದಕ್ಕೆ ಅವನು ಹಿಡಿದ ಹಾದಿ ಅಪ್ಪಟ ಬೆಳ್ಳಿ.

ಪದರ ಪದರವಾಗಿ ತೆಗೆದದ್ದರಿಂದ ಇನ್ನೊಂದು ಸಂಗತಿ ಹೊರಬಿತ್ತು. ಎಲ್ಲಕ್ಕಿಂತ ಹೊಸದಾದ ಕರಾಸಿಯಸ್‌ನ ನಾಣ್ಯಗಳಲ್ಲಿ ಹೆಚ್ಚಿನವು ಮಡಕೆಯ ಕೆಳಭಾಗದಲ್ಲಿದ್ದವು. ವರ್ಷವರ್ಷವೂ ಸ್ವಲ್ಪಸ್ವಲ್ಪ ಕೂಡಿಟ್ಟ ಉಳಿತಾಯವಾಗಿದ್ದರೆ ಹೊಸ ನಾಣ್ಯ ಮೇಲಿರಬೇಕಿತ್ತು. ಹಾಗಾಗಿ ಮಡಕೆಯನ್ನು ಒಂದೇ ಸಲ ತುಂಬಿದ್ದಾರೆಂದು ತಿಳಿಯಿತು. ಸಿಕ್ಕವನೇ ಚೀಲಕ್ಕೆ ಸುರಿದುಕೊಂಡಿದ್ದರೆ ಐವತ್ತೆರಡು ಸಾವಿರ ನಾಣ್ಯಗಳೂ ಉಳಿಯುತ್ತಿದ್ದವು. ಈ ಒಂದು ತಿಳಿವಳಿಕೆ ಉಳಿಯುತ್ತಿರಲಿಲ್ಲ. ನಿಧಿಯನ್ನು ಸಾಮರ್ಸೆಟ್‌ನ ಸಂಗ್ರಹಾಲಯ ಕೊಂಡಿತು. 3,20,250 ಪೌಂಡ್ ಬಹುಮಾನ ಅವನಿಗೂ ಹೊಲದ ಒಡೆಯನಿಗೂ ಹಂಚಿಕೆಯಾಯಿತು.

ನಮ್ಮಲ್ಲಿಯೂ ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಕಾನೂನು 1878ರಷ್ಟು ಹಿಂದೆಯೇ ಬಂದಿದೆ. 1972ರ ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಆದರೂ ಪಾಯ ತೋಡುವಾಗ, ಹೊಲ ಉಳುವಾಗ ಸಿಕ್ಕ ಗಡಿಗೆಗಳೆಷ್ಟು ಸದ್ದಿಲ್ಲದೆ ಹಂಚಿಹೋದವೋ, ಎಷ್ಟು ಮೂಸೆಗೆ ಬಿದ್ದು ಕಾಲಂದುಗೆಯಾದವೋ ಲೆಕ್ಕವಿಟ್ಟವರಿಲ್ಲ. ಯಶವಂತಪುರದ ನಾಣ್ಯಗಳ ಎಣಿಕೆ ಇಂದಿಗೂ ಗೊತ್ತಿರುವುದು ಆಗ ಯಾರೋ ಬರೆದಿಟ್ಟದ್ದರಿಂದ.

ಹಣ ಖರ್ಚು ಮಾಡದೆಯೂ ಈ ಹವ್ಯಾಸ ಸಾಧ್ಯ. 1923ರಲ್ಲಿ ಮೊದಲ ಸಂಪುಟ ಕಂಡು ಹತ್ತು ಸಂಪುಟಗಳಾಗಿ ಬೆಳೆದ ರೋಮನ್ ನಾಣ್ಯಗಳ ಬೃಹತ್ ಪಟ್ಟಿಯನ್ನು ಆಧರಿಸಿ ಅಮೆರಿಕದ ನಾಣ್ಯಶಾಸ್ತ್ರ ಸಂಘ ರೂಪಿಸಿದ ಸೂಚಿ ಅಂತರ್ಜಾಲದಲ್ಲಿ ಉಚಿತವಾಗಿದೆ. ಸಾವಿರಾರು ಮುಖಗಳನ್ನು ಶಾಲೆಯ ಮಕ್ಕಳೂ ನೋಡಬಹುದು. ಕೊಳ್ಳುವವರಾದರೆ ನಾಣ್ಯದ ಜತೆ ಹಳೆಯ ಒಡೆಯರ ಚೀಟಿ, ಹಳೆಯ ಹರಾಜಿನ ಪಟ್ಟಿ ಇದೆಯೇ ಎಂದು ಕೇಳಬೇಕು. ಇಲ್ಲವೆಂದರೆ ಎಷ್ಟೇ ಚೆಲುವಾದ ಮುಖವಾದರೂ ಬಿಟ್ಟು ಬರಬೇಕು. ಕೊಂಡ ಮೇಲೆ ತೂಕ, ಅಳತೆ, ಕೊಂಡ ದಿನ, ಕೊಟ್ಟವರ ಹೆಸರು ಇವಿಷ್ಟನ್ನು ತಾವೂ ಒಂದು ಚೀಟಿಯಲ್ಲಿ ಬರೆದು ಜತೆಗಿಡಬೇಕು. ಈ ನಾಣ್ಯಗಳು ಎರಡು ಸಾವಿರ ವರ್ಷಗಳಲ್ಲಿ ಎಷ್ಟೋ ಕೈ ದಾಟಿ ಬಂದಿವೆ, ಮುಂದೆಯೂ ದಾಟುತ್ತವೆ. ಮುಂದಿನವರಿಗೆ ಬೆಳ್ಳಿಯ ಜತೆಗೆ ಆ ಚೀಟಿಯೂ ಸಿಗಬೇಕು.